"ಹೋಗಿ" ಎಂಬ ಪದಕ್ಕೆ ಎಷ್ಟು ಮಾತ್ರೆ?

ಹಾರ್ಡ್ ಡಿಸ್ಕು ಕಟಕಟ ಅನ್ನತೊಡಗಿದ ದಿನ ನನಗೆ ಫೋಟೊಗಳಿಗಿಂತ ಮೊದಲು ನೆನಪಾದದ್ದು "ಹಾಡು" ಅನ್ನುವ ಫೋಲ್ಡರು. ಒಳಗೆ 41 ಫೈಲು. ಹೆಸರು ನೋಡಿದರೇ ಆಗಿನ ನನ್ನ ಅವಸ್ಥೆ ಗೊತ್ತಾಗುತ್ತದೆ: "ಬಾಗಿಲು_ಕೊನೆ", "ಬಾಗಿಲು_ಕೊನೆ_2", "ಬಾಗಿಲು_ನಿಜವಾಗಲೂ_ಕೊನೆ", "ಬಾಗಿಲು_ಸಾಕು". ಹೊಸ ಡಿಸ್ಕಿಗೆ ನಕಲು ಮಾಡಿಕೊಂಡು, ನಾಲ್ಕು ರಾತ್ರಿ ಕೂತು ಒಂದನ್ನೂ ಬಿಡದೆ ಕೇಳಿದೆ. ಹೆಚ್ಚಿನವು ಕೆಟ್ಟವು. ವಿನಯಕ್ಕೆ ಹೇಳುತ್ತಿಲ್ಲ, ನಿಜಕ್ಕೂ ಕೆಟ್ಟವು. ಎರಡು ಹಾಡನ್ನು ಬರೆದದ್ದು ನಾನೇ ಅನ್ನುವುದೇ ನೆನಪಿಲ್ಲ. ದನಿ ನನ್ನದು, ಆದ್ದರಿಂದ ಒಪ್ಪಿಕೊಳ್ಳಬೇಕಾಯಿತು.

ಹಾಡು ಕಟ್ಟುವವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇದು ಯಾರ ಬಗ್ಗೆ?" ಕೇಳುವಾಗ ಕಣ್ಣಲ್ಲಿ ಒಂದು ತುಂಟತನ ಬೇರೆ. ಹಾಡಿನ ಹಿಂದೆ ಯಾರೋ ಇದ್ದೇ ಇರಬೇಕು, ನಾನು ಬಚ್ಚಿಟ್ಟಿದ್ದೇನೆ ಎಂದು. ಈ 41ನ್ನು ಒಟ್ಟಿಗೆ ಕೇಳಿದಾಗ ನನಗೆ ಕಂಡದ್ದು ಬೇರೆ. ಬಹುಪಾಲು ಸಾಲುಗಳ ಹಿಂದೆ ಯಾರೂ ಇಲ್ಲ. ಒಂದು ಹಳೇ ಆಂಪ್ಲಿಫೈಯರ್ ಇದೆ, ಅಗ್ಗದ ಮೈಕ್ ಇದೆ, ಪ್ರಾಸ ಇದೆ, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಇದೆ. ಹೀಗೆಂದು ಬಹಳ ವರ್ಷ ನಾನು ಖಡಾಖಂಡಿತವಾಗಿ ವಾದಿಸುತ್ತಿದ್ದೆ. ಆ ವಾದ ಎಲ್ಲಿ ಬಿದ್ದುಹೋಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯ ಫೈಲು ಫೋನಿನಲ್ಲಿ ಮಾಡಿದ್ದು. ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ ಹಾಡಿದ್ದು, ಪ್ರತಿಧ್ವನಿ ಬರಬಾರದೆಂದು. ಕೇಳಿದ ಕೂಡಲೇ ಅಳಿಸಿಬಿಡಬೇಕು ಅನ್ನಿಸಿತ್ತಂತೆ. ಫೈಲಿನ ಹೆಸರೇ "ಛೀ_1". ಎಲ್ಲರಿಗೂ ಹೀಗೇ ಆಗುತ್ತದೆ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಕಿವಿಗೆ ಬರುವುದರ ಜೊತೆಗೆ ತಲೆಬುರುಡೆಯ ಮೂಳೆಯಲ್ಲೂ ಹಾದು ಒಳಕಿವಿ ಮುಟ್ಟುತ್ತದೆ, ಆ ದಾರಿಯಲ್ಲಿ ಬರುವುದು ತುಸು ಗಂಭೀರ, ತುಸು ತುಂಬಿದ ದನಿ. ಮೈಕಿಗೆ ಮೂಳೆಯ ದಾರಿ ಇಲ್ಲ. ನಾನು ಜೀವಮಾನವಿಡೀ ಯಾರ ದನಿಯನ್ನು ನನ್ನದೆಂದುಕೊಂಡಿದ್ದೆನೋ ಆ ಮನುಷ್ಯನನ್ನು ನನ್ನ ಹೊರತು ಯಾರೂ ಕೇಳಿಯೇ ಇಲ್ಲ.

ಎರಡರಿಂದ ಒಂಬತ್ತರವರೆಗಿನ ಹಾಡುಗಳಲ್ಲಿ ಒಂದು ವಿಚಿತ್ರ. ಈಗ ಅವುಗಳ ಜೊತೆ ಗಿಟಾರ್ ನುಡಿಸಹೋದರೆ ಹೊಂದುವುದಿಲ್ಲ. ಎಲ್ಲವೂ ಕೂದಲೆಳೆಯಷ್ಟು ಮೇಲೆ. ಒಂದು ಸಂಜೆಯಿಡೀ ತಲೆ ಕೆಡಿಸಿಕೊಂಡು, ಕೊನೆಗೆ ಅಳೆದು ನೋಡಿದೆ. ಗಿಟಾರಿನ ಮೂರನೆಯ ತಂತಿ ಸೆಕೆಂಡಿಗೆ 196 ಸಲ ಕಂಪಿಸಬೇಕು. ನನ್ನದು ಸರಿಯಾಗಿ 200. ಇನ್ನೂರು ಎಂಬ ಅಷ್ಟು ದುಂಡಗಿನ ಸಂಖ್ಯೆ ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದಾಗ ಫಕ್ಕನೆ ಹೊಳೆಯಿತು: ಆಂಪ್ಲಿಫೈಯರು. ಅದನ್ನು ಹಚ್ಚಿದ ಕೂಡಲೇ "ಗುಂಯ್" ಎಂದು ಒಂದು ಸದ್ದು ಹಿಡಿಯುತ್ತಿತ್ತು. ಜಗತ್ತಿನ ಬಹುಪಾಲು ಕಡೆ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಗುತ್ತದೆ, ಅಮೆರಿಕದಂಥ ಕಡೆ 60 ಸಲ. ಆ 50, ಅದರ ಮೇಲಿನ 100, ಅದರ ಮೇಲಿನ 200, ಎಲ್ಲ ಒಂದೇ ಸ್ವರದ ಸ್ಥಾಯಿಗಳು. ಟ್ಯೂನರ್ ಇಲ್ಲದೆ ಬರೀ ಕಿವಿಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಹಿಂದೆ ಗುಂಯ್ಗುಡುವ ಸದ್ದಿಗೆ ತಂತಿ ಒಂದಾಗುವವರೆಗೆ ನಾನು ಬಿರಡೆ ತಿರುವುತ್ತಿದ್ದೆ, ಒಂದಾದಾಗ "ಹಾಂ, ಈಗ ಸರಿಯಾಯಿತು" ಅನ್ನಿಸುತ್ತಿತ್ತು. ಅಂದರೆ ಆ ಎಂಟೂ ಹಾಡುಗಳಿಗೆ ತಂಬೂರಿ ಹಿಡಿದದ್ದು ವಿದ್ಯುತ್ ಉತ್ಪಾದನಾ ಕೇಂದ್ರ. ಅದೇ ಲೆಕ್ಕದಲ್ಲಿ, ಜಗತ್ತು ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನಕ್ಕೆ ಶ್ರುತಿ ಮಾಡಿಕೊಳ್ಳುವ 'ಎ' ಸ್ವರ ನನ್ನ ಕೋಣೆಯಲ್ಲಿ 449 ಆಗಿತ್ತು.

ಆ ಗುಂಯ್ ಸದ್ದನ್ನು ಈಗಿನ ತಂತ್ರಾಂಶಗಳಲ್ಲಿ ಅರ್ಧ ನಿಮಿಷದಲ್ಲಿ ತೆಗೆಯಬಹುದು. ತೆಗೆದೂ ನೋಡಿದೆ. ಸದ್ದು ಹೋಯಿತು. ಆದರೆ ಹಾಡು ಮಾತ್ರ ಇಲ್ಲದ ಶ್ರುತಿಗೆ ಒರಗಿಕೊಂಡು ನಿಂತೇ ಇತ್ತು.

"ಮಳೆ" ಎಂಬ ಹಾಡಿನ ಕತೆ ಇನ್ನೂ ಸಣ್ಣದು. ಎಲ್ಲರೂ ಮೆಚ್ಚುವ ಹಾಡು ಅದು, "ಹಿಂದೆ ಆ ಮಳೆ ಸದ್ದು ಎಷ್ಟು ಚಂದ" ಎಂದು. ಅದು ಮಳೆ ಅಲ್ಲ. ಮೊದಲ ಬಾರಿಗೆ ಕೊಂಡ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೋ ಇಂಟರ್‌ಫೇಸಿನ ಗೇನ್ (ಸದ್ದು ಹಿಗ್ಗಿಸುವ) ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಮೈಕಿನಿಂದ ದೂರ ಕೂತು ಮೆಲ್ಲಗೆ ನುಡಿಸಿದ್ದೆ. ಸದ್ದು ಸಣ್ಣದಾದಷ್ಟೂ ಗೇನ್ ಏರಿಸಬೇಕು. ಏರಿಸಿದಷ್ಟೂ ಸರ್ಕ್ಯೂಟಿನ ಸ್ವಂತ ಪಿಸುಮಾತು ಮೇಲೆದ್ದು ಬರುತ್ತದೆ, ತಂತಿಯೊಳಗಿನ ಎಲೆಕ್ಟ್ರಾನುಗಳ ಸಹಜ ಗಲಿಬಿಲಿಯೂ ಅದರಲ್ಲಿ ಸೇರಿಕೊಂಡಿರುತ್ತದೆ. "ಶ್‌‌‌" ಎಂಬ ಆ ಸದ್ದನ್ನು ಮಾರನೇ ದಿನ ಕೇಳಿ ನಾನೇ ಮೋಸ ಹೋದೆ. ಹಾಡುವಾಗ ಮಳೆ ಬರುತ್ತಿತ್ತೇನೋ ಅಂದುಕೊಂಡು ಎರಡನೆಯ ಚರಣವನ್ನು ಮಳೆಯ ಮೇಲೆ ಬರೆದೆ. ಹಾಡಿನ ಹೆಸರು ಆಮೇಲೆ ಬಂತು. ಆ ತಿಂಗಳು ಒಂದು ಹನಿಯೂ ಬಿದ್ದಿರಲಿಲ್ಲ.

ಇನ್ನೊಂದು, ಮಗು ಹುಟ್ಟಿದ ವರ್ಷದ್ದು. ಮಗು ಮಲಗಿದ ಮೇಲೆ ಮಾತ್ರ ನನಗೆ ಬಿಡುವು, ಮಗು ಮಲಗಿದ ಮೇಲೆ ಗಟ್ಟಿ ದನಿ ನಿಷಿದ್ಧ. ಮೈಕನ್ನು ತುಟಿಗೆ ಮೂರು ಬೆರಳು ದೂರದಲ್ಲಿಟ್ಟು ಉಸಿರಿನಲ್ಲೇ ಹಾಡಿದೆ. ಎದುರಿನ ಸದ್ದನ್ನಷ್ಟೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಬಗೆಯ ಮೈಕುಗಳಿಗೆ ಒಂದು ಗುಣವಿದೆ, ಹತ್ತಿರ ಹೋದಷ್ಟೂ ಮಂದ್ರದ ಭಾಗವನ್ನು ಉಬ್ಬಿಸುತ್ತವೆ. ರೇಡಿಯೋದವರ ಆ ಘನ ಗಾಂಭೀರ್ಯದ ಗುಟ್ಟಿನಲ್ಲಿ ಅರ್ಧ ಇದೇ. ಕೇಳಿದವರು "ನಿನ್ನ ದನಿಗೆ ಈಗ ಒಂದು ಪಕ್ವತೆ ಬಂದಿದೆ, ತಂದೆಯಾದದ್ದಕ್ಕೇ ಇರಬೇಕು" ಎಂದರು. ತಂದೆಯಾದದ್ದಕ್ಕೇ ಹೌದು, ಅವರು ಅಂದುಕೊಂಡ ರೀತಿಯಲ್ಲಲ್ಲ.

ಅದೇ ಹಾಡಿನಲ್ಲಿ ಇನ್ನೊಂದು ತಮಾಷೆ. ಅಷ್ಟು ಹತ್ತಿರದಿಂದ ಹಾಡಿದರೆ ಪ, ಬ, ಫ, ಭ ಬಂದಲ್ಲೆಲ್ಲ ಉಸಿರು ಮೈಕಿನ ಪೊರೆಗೆ ಡಬ್ಬೆಂದು ಬಡಿಯುತ್ತದೆ. ಅದರಲ್ಲೂ ಮಹಾಪ್ರಾಣ! ಹೆಸರೇ ಹೇಳುವಂತೆ ಪ್ರಾಣವೆಲ್ಲ ಒಂದೇ ಏಟಿಗೆ ಹೊರಗೆ. "ಭಾರ" ಅಂದರೆ ಯಾರೋ ಬಾಗಿಲಿಗೆ ಒದ್ದಂತೆ ಕೇಳುತ್ತಿತ್ತು. ಉಸಿರಿನ ಏಟನ್ನು ತಡೆಯುವ ಪಾಪ್ ಫಿಲ್ಟರ್ ಎಂಬ ವಸ್ತು ಇದೆ ಎಂದೇ ಗೊತ್ತಿರಲಿಲ್ಲ. ಮೈಕನ್ನು ತುಸು ಓರೆಗೆ ಸರಿಸಿದ್ದರೂ ಸಾಕಿತ್ತು, ಅದೂ ತಿಳಿದಿರಲಿಲ್ಲ. ನನಗೆ ಗೊತ್ತಿದ್ದ ಒಂದೇ ಉಪಾಯ ಪದ ಬದಲಿಸುವುದು. "ಭಾರ" ಹೋಗಿ "ಹೊರೆ" ಬಂತು, "ಭಯ" ಹೋಗಿ "ಅಂಜಿಕೆ", "ಭಗ್ನ" ಹೋಗಿ "ಒಡೆದ". ಸಂಸ್ಕೃತದ ಭಾರ ಇಳಿಸಿಕೊಂಡು ಅಚ್ಚಗನ್ನಡದ ಕಡೆ ಹೊರಳಿದ್ದೇನೆ ಎಂದು ಒಬ್ಬರು ಮೆಚ್ಚುಗೆ ಸೂಚಿಸಿದರು. ನಾನು ತಲೆಯಾಡಿಸಿದೆ. ಹೊಗಳಿಕೆಯನ್ನು ತಿದ್ದುವ ಅಭ್ಯಾಸ ನನಗಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನನ್ನ ವಾದ ಎಷ್ಟು ಗಟ್ಟಿ ಇತ್ತು ಎಂದು ತೋರಿಸುವುದಕ್ಕೆ. ಇನ್ನು "ಬಾಗಿಲು".

ನನಗೊಬ್ಬ ಗೆಳೆಯನಿದ್ದ. ಇಬ್ಬರೂ ಸೇರಿ ಹಾಡುತ್ತಿದ್ದೆವು: ನಾನು ಮುಖ್ಯ ದನಿ, ಅವನು ಮೇಲಿನ ದನಿ. ಕೆಲಸ ಸಿಕ್ಕಿ ದೂರ ಹೋದ. ಆರು ತಿಂಗಳಲ್ಲಿ ಬಂದುಬಿಡ್ತೀನಿ ಅಂದಿದ್ದ. ಅವನು ಹೋದ ಮೇಲೆ ಎರಡೂ ದನಿಯನ್ನು ನಾನೇ ಹಾಡಬೇಕಾಯಿತು. ಒಂದು ಟ್ರ್ಯಾಕಿನಲ್ಲಿ ಮೊದಲ ದನಿ, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯದರಲ್ಲಿ ಮೇಲಿನ ದನಿ. ಈಗಿದು ಮಕ್ಕಳಾಟ. 1940ರ ದಶಕದಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ತನ್ನ ಮನೆಯ ಗ್ಯಾರೇಜಿನಲ್ಲಿ ಇದನ್ನು ಮಾಡುವಾಗ ಒಂದು ಡಿಸ್ಕನ್ನು ನುಡಿಸುತ್ತ, ಅದರ ಜೊತೆ ತಾನೂ ನುಡಿಸುತ್ತ, ಎರಡನ್ನೂ ಇನ್ನೊಂದು ಡಿಸ್ಕಿಗೆ ಕೆತ್ತಬೇಕಿತ್ತು. ಆರನೇ ಪದರದಲ್ಲಿ ಬೆರಳು ತಪ್ಪಿತೋ, ಆ ಡಿಸ್ಕು ಕಸದ ಬುಟ್ಟಿಗೆ. ನನಗೆ ಅಂಥ ಕಷ್ಟವೇನಿರಲಿಲ್ಲ. ಇದ್ದದ್ದು ಬೇರೆ ಕಷ್ಟ: ಕಂಪ್ಯೂಟರು ದನಿಯನ್ನು ಒಳಗೆ ತೆಗೆದುಕೊಂಡು ಹೆಡ್‌ಫೋನಿಗೆ ಹಿಂದಿರುಗಿಸುವಷ್ಟರಲ್ಲಿ ಸ್ವಲ್ಪ ತಡ ಮಾಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1,024 ಮಾದರಿಗಳ ಬಫರ್ (ದನಿಯನ್ನು ಕೂಡಿಟ್ಟುಕೊಳ್ಳುವ ಜಾಗ) ಇಟ್ಟರೆ ಅಷ್ಟಕ್ಕೇ 23 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು ಎಂಟು ಮೀಟರ್ ಹೋಗುತ್ತದೆ. ನನ್ನದೇ ದನಿ ಎಂಟು ಮೀಟರ್ ಆಚೆ ನಿಂತ ಯಾರೋ ಹಾಡಿದಂತೆ ನನಗೆ ಕೇಳುತ್ತಿತ್ತು, ನಾನು ಅವನಿಗಾಗಿ ತಡೆದು ತಡೆದು ಹಾಡುತ್ತಿದ್ದೆ. ಆ ಕಾಲದ ಎಲ್ಲ ರೆಕಾರ್ಡಿಂಗುಗಳಲ್ಲೂ ಎರಡನೆಯ ದನಿ ತುಸು ಹಿಂದೆ, ಬರಲೋ ಬೇಡವೋ ಎಂಬಂತಿದೆ.

"ಬಾಗಿಲು" ಹುಟ್ಟಿದ್ದು ಹೀಗೆ. ಗಿಟಾರ್ ಹಿಡಿದು ಕೂತಿದ್ದೆ, ಎದುರಿಗೆ ಬಾಗಿಲು, ಬಾಗಿಲ ಬಳಿ ಚಪ್ಪಲಿ. ಮೊದಲ ಸಾಲು ಕಂಡದ್ದನ್ನು ಕಂಡ ಹಾಗೆ ಬಂತು:

ಬಾಗಿಲಿನ ಬಳಿ ನಿಂತ ಚಪ್ಪಲಿ

ಸಾಲು ಬಂದ ಮೇಲೆ ಪ್ರಾಸ ಬೇಕಲ್ಲ. ನನಗೆ ಸಾಲಿನ ಕೊನೆಯ ಪ್ರಾಸಕ್ಕಿಂತ ಸಾಲಿನ ಎರಡನೆಯ ಅಕ್ಷರದ ಪ್ರಾಸ ಇಷ್ಟ. ಹಳಗನ್ನಡದವರು ಸುಮ್ಮನೆ ಅದಕ್ಕೆ ಅಷ್ಟು ಕಟ್ಟುಬೀಳಲಿಲ್ಲ, ಕಿವಿಗೆ ಅದು ಸಾಲು ಶುರುವಾದಲ್ಲೇ ಕೊಂಡಿ ಹಾಕುತ್ತದೆ. "ಬಾಗಿ" ಎಂದು ಶುರುವಾದದ್ದಕ್ಕೆ ಎರಡನೆಯ ಅಕ್ಷರದಲ್ಲಿ ಗಕಾರ ಇರುವ ಪದ ಹುಡುಕಿದೆ, ಸಿಕ್ಕಿತು:

ಹೋಗಿ ಬರುವೆನು ಎಂದು ಹೋದನು

ಅಷ್ಟೇ. ಐದು ನಿಮಿಷದ ಕೆಲಸ. ಶಾಲೆಯಲ್ಲಿ ಪ್ರಸ್ತಾರ ಹಾಕಿದವರು ಈ ಎರಡು ಸಾಲಿಗೆ ಲಘು ಗುರು ಗುರುತು ಹಾಕಿ ನೋಡಿ: ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿಯ ನಡಿಗೆ. ನಾನು ಬೇಕೆಂದು ಮಾಡಿದ್ದಲ್ಲ, ಬಾಯಿಗೆ ರೂಢಿಯಾಗಿ ಬಂದದ್ದು. ಆದರೆ ಬಹುತೇಕ ರೆಕಾರ್ಡಿಂಗ್ ತಂತ್ರಾಂಶಗಳು ತೆರೆದ ಕೂಡಲೇ ಒಂದೇ ತಾಳ ಮುಂದಿಡುತ್ತವೆ: ನಿಮಿಷಕ್ಕೆ 120 ಬಡಿತ, ಆವರ್ತಕ್ಕೆ ನಾಲ್ಕು. ಅದನ್ನು ಬದಲಿಸಬಹುದು ಎಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಏಳೇಳು ಮಾತ್ರೆಯ ಸಾಲನ್ನು ಎಂಟೆಂಟಕ್ಕೆ ಕೂರಿಸಬೇಕಾಯಿತು. ಎಲ್ಲೆಲ್ಲಿ ಮೂರು ಇತ್ತೋ ಅಲ್ಲೆಲ್ಲ ಒಂದು ಮಾತ್ರೆ ಎಳೆದೆ. "ಬಾಗಿ" ಹೋಗಿ "ಬಾಗೀ" ಆಯಿತು, "ಹೋಗಿ" ಹೋಗಿ "ಹೋಗೀ" ಆಯಿತು. ಟಿಕ್ ಟಿಕ್ ಟಿಕ್ ಟಿಕ್, ಹೋ-ಓ-ಗೀ-ಈ. ರೆಕಾರ್ಡಿಂಗಿನಲ್ಲಿ ಹೆಡ್‌ಫೋನಿನಿಂದ ಸೋರಿದ, ತಾಳ ಎಣಿಸುವ ಮೆಟ್ರೊನೋಮಿನ ಆ ಟಿಕ್ ಸದ್ದು ಈಗಲೂ ಸಣ್ಣಗೆ ಕೇಳುತ್ತದೆ, ಅದರಲ್ಲೂ "ಗೀ" ಎಳೆಯುವಲ್ಲಿ, ಗಿಟಾರ್ ನಿಂತಿರುವುದರಿಂದ.

ಹಾಡನ್ನು ಗೆಳೆಯನಿಗೆ ಕಳಿಸಿದೆ. ಎಂದಿನಂತೆ ಕಳಿಸಿದ್ದು. ಆ ಹೊತ್ತಿಗೆ ಅವನು ಹೋಗಿ ಎರಡು ವರ್ಷವಾಗಿತ್ತು, ಒಮ್ಮೆಯೂ ಬಂದಿರಲಿಲ್ಲ. ಮೂರು ವಾರ ಉತ್ತರವಿಲ್ಲ. ಆಮೇಲೆ ಫೋನು ಮಾಡಿದ. ದನಿ ಬಿಗಿದುಕೊಂಡಿತ್ತು.

"ನೇರವಾಗಿ ಬೈದಿದ್ರೆ ಆಗ್ತಿತ್ತಲ್ಲ. ಹಾಡು ಮಾಡಿ ಊರಿಗೆಲ್ಲ ಕೇಳಿಸಬೇಕಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗು ಬಂತು. ನಗಬಾರದಿತ್ತು. ಅವನಿಗೆ ಎಲ್ಲ ವಿವರಿಸಿದೆ: ಎದುರಿಗಿದ್ದದ್ದು ಬಾಗಿಲು, ಬಾಗಿಲಿಗೆ ಪ್ರಾಸ ಬೇಕಿತ್ತು, "ಹೋಗಿ" ಸಿಕ್ಕಿತು, ಅದರಲ್ಲಿ ನೀನೂ ಇಲ್ಲ, ನಾನೂ ಇಲ್ಲ. ಅವನು ಕೇಳಿಸಿಕೊಂಡ. ಆಮೇಲೆ ಹೇಳಿದ:

"'ಕೂಗಿ' ಇತ್ತು. 'ತೂಗಿ' ಇತ್ತು. 'ಸಾಗಿ' ಇತ್ತು, 'ಬೀಗಿ' ಇತ್ತು, 'ಮಾಗಿ' ಇತ್ತು. ನಿಂಗೆ 'ಹೋಗಿ'ನೇ ಯಾಕೆ ಸಿಕ್ತು?"

ಉತ್ತರ ತೋಚಲಿಲ್ಲ. ಅವನೇ ಮುಂದುವರಿಸಿದ: "ಅದೂ ಹೋಗಲಿ. ಅಷ್ಟೊಂದು ಯಾಕೆ ಎಳೆದಿದ್ದೀಯ ಅದನ್ನ?"

ಎಳೆದದ್ದು ಮೆಟ್ರೊನೋಮಿಗಾಗಿ ಅಂದೆ. ಅವನು ಫೋನಿಟ್ಟ.

ಆ ಮೇಲೆ ನಾವು ಜಗಳವಾಡಲಿಲ್ಲ, ಮಾತೂ ಹೆಚ್ಚು ಆಡಲಿಲ್ಲ. ಒಂದೆರಡು ಸಲ ಹಬ್ಬದ ಶುಭಾಶಯ, ಒಂದು ಸಾವಿನ ಸುದ್ದಿ. ನನಗೆ ಮಾತ್ರ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲಾಗಲಿಲ್ಲ. ಅವನು ಹೇಳಿದ ಪದಗಳನ್ನೆಲ್ಲ ಒಂದೊಂದಾಗಿ ಕೂರಿಸಿ ನೋಡಿದ್ದೇನೆ. "ಕೂಗಿ ಕರೆದರು ಯಾರೊ ದೂರದಿ." ಛಂದಸ್ಸು ಸರಿಯಾಗಿದೆ, ಪ್ರಾಸ ಸರಿಯಾಗಿದೆ, ಸಾಲೂ ಕೆಟ್ಟದ್ದೇನಲ್ಲ. ಐದು ನಿಮಿಷದಲ್ಲಿ ಅದೂ ಬರಬಹುದಿತ್ತು. ಬರಲಿಲ್ಲ.

ನಡುವೆ ಒಮ್ಮೆ "ಬಾಗಿಲು" ಹಾಡನ್ನು ಸರಿಯಾದ ಸ್ಟುಡಿಯೋದಲ್ಲಿ ಮಾಡಿಸಿದೆ. ಗೋಡೆಗೆಲ್ಲ ಫೋಮು, ಒಳಗೆ ನಿಂತರೆ ಸ್ವಂತ ನಾಡಿ ಕೇಳುವಷ್ಟು ನಿಶ್ಶಬ್ದ, ಹೊರಗೆ ಗಂಟೆ ಲೆಕ್ಕದ ಬಿಲ್ಲು. ಶ್ರುತಿ 440. ತಾಳವನ್ನು ಏಳಕ್ಕೆ ಇಟ್ಟುಕೊಂಡು, ಎಳೆದದ್ದನ್ನೆಲ್ಲ ಬಿಟ್ಟು, ಹಾಡು ಹುಟ್ಟಿದ ನಡಿಗೆಯಲ್ಲೇ ಹಾಡಿದೆ. ಇಂಥ ಬರಹಗಳಲ್ಲಿ ಈ ಜಾಗಕ್ಕೆ ಬಂದಾಗ "ಆದರೆ ಮನೆಯ ರೆಕಾರ್ಡಿಂಗಿನ ಆತ್ಮ ಅದರಲ್ಲಿರಲಿಲ್ಲ" ಎಂದು ಬರೆಯುವುದು ವಾಡಿಕೆ. ಜೊತೆಗೆ ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಉದಾಹರಣೆ ಕೊಡುವುದೂ ವಾಡಿಕೆ: 1982ರಲ್ಲಿ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಾಡುಗಳ ಕರಡು ಮಾಡಿಕೊಂಡ, ವಾದ್ಯವೃಂದದ ಜೊತೆ ಮತ್ತೆ ಹಾಡಿ ನೋಡಿದ, ಒಪ್ಪಿಗೆಯಾಗದೆ ಕೊನೆಗೆ ಆ ಕರಡನ್ನೇ "ನೆಬ್ರಾಸ್ಕಾ" ಎಂಬ ಆಲ್ಬಮ್ಮಾಗಿ ಹೊರತಂದ. ಕತೆ ನಿಜ. ಆದರೆ ಆ ಮನುಷ್ಯ ಅಷ್ಟು ಹೊತ್ತಿಗೆ ಹತ್ತಾರು ವರ್ಷ ವೇದಿಕೆಯ ಮೇಲೆ ಹಾಡಿ ಪಳಗಿದವನು, ಮತ್ತು ಆ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸುವಷ್ಟರಲ್ಲಿ ತಂತ್ರಜ್ಞರಿಗೆ ಸಾಕುಸಾಕಾಗಿತ್ತು. ಇದನ್ನು ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಸ್ಟುಡಿಯೋದ್ದೇ ಚೆನ್ನಾಗಿದೆ. ದನಿ ಸ್ಥಿರ, ಪದ ಸ್ಪಷ್ಟ, ಏಳರ ನಡಿಗೆಯಲ್ಲಿ ಹಾಡು ಎಷ್ಟು ಹಗುರಾಗಿದೆ ಎಂದರೆ ಚಪ್ಪಲಿ ಬಿಟ್ಟು ಹೋದವನು ಇನ್ನು ಹತ್ತು ನಿಮಿಷದಲ್ಲಿ ಬಂದೇಬರುತ್ತಾನೆ ಅನ್ನಿಸುತ್ತದೆ.

ಆದ್ದರಿಂದಲೇ ಅದು ಬೇರೆ ಹಾಡು. ನಾಲ್ಕನೆಯ ರಾತ್ರಿ ಎರಡನ್ನೂ ಒಂದರ ಹಿಂದೊಂದು ಕೇಳಿದಾಗ, ಹಳೆಯದರಲ್ಲಿ ಆ "ಹೋಗೀ" ಬರುವಲ್ಲಿ ನಾನು ಹೆಡ್‌ಫೋನು ತೆಗೆದಿಟ್ಟೆ. ಎಳೆದದ್ದು ಮೆಟ್ರೊನೋಮಿಗಾಗಿಯೇ. ಅದರಲ್ಲಿ ಸುಳ್ಳಿಲ್ಲ. ಆದರೆ "ಬಾಗೀ"ಯನ್ನು ಎಳೆದದ್ದು ಒಂದು ಥರ, "ಹೋಗೀ"ಯನ್ನು ಎಳೆದದ್ದು ಇನ್ನೊಂದು ಥರ. ಮೊದಲನೆಯದರಲ್ಲಿ ದನಿ ಟಿಕ್ ಸದ್ದಿಗೆ ಕಾಯುತ್ತಿದೆ. ಎರಡನೆಯದರಲ್ಲಿ ಅದು ಟಿಕ್ ಸದ್ದನ್ನು ದಾಟಿಹೋಗಿದೆ. ಅಲೆಯ ಚಿತ್ರ ಹಿಗ್ಗಿಸಿ ಅಳೆದೂ ನೋಡಿದೆ, ನನಗೆ ಅಳೆಯುವ ಚಟ. ಅರ್ಧ ಮಾತ್ರೆಗಿಂತ ಹೆಚ್ಚು ಮುಂದೆ. ಯಾವ ತಾಳಕ್ಕೂ ಬೇಕಿರದ ಅರ್ಧ ಮಾತ್ರೆ.

ಅಳತೆಯ ಆ ಚಿತ್ರವನ್ನು ಗೆಳೆಯನಿಗೆ ಕಳಿಸಿದೆ. ಜೊತೆಗೆ ಹಳೆಯ ಹಾಡು. ಬರೆದದ್ದು ಇಷ್ಟೇ: "ನೀನು ಹೇಳಿದ್ದು ಸರಿ ಇತ್ತು. 'ಸಾಗಿ'ಯೂ ಹೊಂದುತ್ತಿತ್ತು."

ನಾಲ್ಕು ದಿನ ಕಳೆದ ಮೇಲೆ ಉತ್ತರ ಬಂತು. ಮಾತಿಲ್ಲ, ಒಂದು ಆಡಿಯೋ ಫೈಲು. ಮೊದಲ ಹನ್ನೊಂದು ಸೆಕೆಂಡು ಕುರ್ಚಿ ಎಳೆಯುವ ಸದ್ದು, ಕೆಮ್ಮು, ಕೀಬೋರ್ಡಿನ ಒಂದು ಸ್ವರ, ಮತ್ತೆ ಅದೇ ಸ್ವರ, ಆಮೇಲೆ ಅವನ ಗೊಣಗು: "ಇದ್ಯಾವ ಶ್ರುತೀನೋ ಮಾರಾಯ, ಯಾವ ಮನೆಗೂ ಕೂರಲ್ಲ." ಕೀಬೋರ್ಡಿನ ಕೈಬಿಟ್ಟು ಬರೀ ಕಿವಿಯಲ್ಲಿ ಹಿಡಿದು ಹಾಡಿದ್ದಾನೆ. ಆಗ ಹಾಡುತ್ತಿದ್ದ ಮೇಲಿನ ದನಿ. ತುಸು ಒರಟಾಗಿದೆ, ಮೇಲಕ್ಕೆ ಹೋಗುವಾಗ ನಡುಗುತ್ತದೆ, ಶ್ರುತಿ ಮಾತ್ರ ಸರಿಯಾಗಿ ಕೂತಿದೆ, 449ಕ್ಕೆ. ಆ ಕೋಣೆಯನ್ನೂ ಆಂಪ್ಲಿಫೈಯರನ್ನೂ ಬಲ್ಲ ಕಿವಿ ಅದು.

ಎರಡನ್ನೂ ಒಂದರ ಕೆಳಗೊಂದು ಇಟ್ಟು ನುಡಿಸಿದೆ. ಅವನು ಎಳೆಯುವುದಿಲ್ಲ. ಬೇಕೆಂದೇ ಇರಬೇಕು, ಮೂರು ನಾಲ್ಕು ಮೂರು ನಾಲ್ಕು ಎಂದು ನೇರ ನಡೆದುಬಿಡುತ್ತಾನೆ. ಪ್ರತಿ ಸಾಲಿನ ಕೊನೆಯನ್ನೂ ನನಗಿಂತ ಎರಡು ಮಾತ್ರೆ ಮೊದಲೇ ಮುಟ್ಟಿ, ಮುಂದಿನ ಸಾಲಿಗೆ ನಾನು ಬರುವವರೆಗೆ ಸುಮ್ಮನೆ ನಿಂತಿರುತ್ತಾನೆ.

"ಎರಡು ಮಾತ್ರೆ ಮುಂದಿದ್ದೀಯ" ಎಂದು ಬರೆದೆ.

"ನೀನು ಬೇಗ ಬಾ" ಅಂದ.

42ನೆಯ ಫೈಲಿಗೆ ಇನ್ನೂ ಹೆಸರಿಟ್ಟಿಲ್ಲ.